ಎರವಲು ತಂದ ‘ಆಯ್ತು’

ನಮ್ಮೂರಿನಲ್ಲಿ ಗಂಡು ನೋಡುವವರು ಸಂಬಳ ಎಷ್ಟು ಅಂತ ಕೇಳುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ‘ಹುಡುಗ ಯಾರ ಕೋಡು ಹಾಕ್ಕೋತಾನೆ?’ ಹುಡುಗನ ಕಡೆಯವರು ಇದಕ್ಕೆ ತಯಾರಾಗಿಯೇ ಬಂದಿರುತ್ತಾರೆ. ‘ಎಲ್ಲಾ ಸ್ವಂತದ್ದೇ’ ಅನ್ನುತ್ತಾರೆ. ಯಾರೂ ನಂಬುವುದಿಲ್ಲ. ಸ್ವಂತ ಮನೆ ಇರುವ ಹುಡುಗ ಸಿಗಬಹುದು, ಸ್ವಂತ ಕಾರು ಇರುವವನೂ ಸಿಗಬಹುದು, ಎಲ್ಲಾ ಸ್ವಂತ ಕೋಡು ಬರೆಯುವ ಹುಡುಗ ಎಲ್ಲಿ ಸಿಗುತ್ತಾನೆ? ಆಗ ಹುಡುಗಿಯ ಸೋದರಮಾವ ಮೆಲ್ಲಗೆ ಎದ್ದು, ಕೈ ತೊಳೆಸುವ ನೆಪದಲ್ಲಿ ಹುಡುಗನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಅವನು ಹೇಗೆ ಸೀನುತ್ತಾನೆ, ಚಪ್ಪಲಿ ಎಲ್ಲಿ ಬಿಡುತ್ತಾನೆ, ಬಾಳೆಹಣ್ಣನ್ನು ಯಾವ ತುದಿಯಿಂದ ಸುಲಿಯುತ್ತಾನೆ ಅಂತ ನೋಡಿಕೊಂಡು ಬರುತ್ತಾನೆ.

ಕೋಡು ಅಂದರೆ ತಲೆಯ ಮೇಲೆ ಬೆಳೆಯುವುದಲ್ಲ, ತಲೆಯೊಳಗಿಂದ ಕಂಪ್ಯೂಟರಿಗೆ ಇಳಿಯುವುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿ ತಮ್ಮ ಪ್ರೋಗ್ರಾಮಿಗೆ ಅಂಟಿಸಿಕೊಂಡರೆ ನಮ್ಮೂರಿನಲ್ಲಿ ಅದರ ಜೊತೆಗೆ ಬರೆದವರ ಒಂದು ಅಭ್ಯಾಸವೂ ಬರುತ್ತದೆ. ಕೋಡು ಇರುವಷ್ಟು ದಿನ ಅಭ್ಯಾಸ ಇರುತ್ತದೆ. ಅಳಿಸಿದರೆ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಹೊರಟುಹೋಗುತ್ತದೆ. ಅಂಟಿಸುವ ಬದಲು ನೋಡಿಕೊಂಡು ಕೀಬೋರ್ಡಿನಲ್ಲಿ ಕುಟ್ಟಿದರೂ ಅಭ್ಯಾಸ ಬಿಡುವುದಿಲ್ಲ. ಅರ್ಥ ಮಾಡಿಕೊಂಡು, ನೋಡದೆ, ನಮ್ಮ ತಲೆಯಿಂದಲೇ ಬರೆದರೆ ಮಾತ್ರ ಏನೂ ಅಂಟುವುದಿಲ್ಲ. ಆದರೆ ಅರ್ಥ ಮಾಡಿಕೊಳ್ಳುವಷ್ಟು ಪುರುಸೊತ್ತು ಕೊಟ್ಟು ಕೆಲಸ ಹೇಳುವ ಧಣಿ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ.

ನಾವಿರುವುದು ಮಗ್ಗದ ಬೀದಿಯಲ್ಲಿ. ಮಗ್ಗ ಹೋಗಿ ಕೀಬೋರ್ಡು ಬಂತು, ಟಕಟಕ ಹಾಗೇ ಉಳಿಯಿತು. ಇಲ್ಲಿ ಕೋಡು ಬರೆಯದವರನ್ನು ಹುಡುಕಬೇಕು. ಕ್ಷೌರದಂಗಡಿಯವನು ಟೋಕನ್ ಕೊಡುವುದಕ್ಕೆ ಒಂದು ಬರೆದುಕೊಂಡಿದ್ದಾನೆ, ಕಲ್ಯಾಣ ಮಂಟಪದ ಮ್ಯಾನೇಜರು ಬುಕಿಂಗಿಗೆ ಒಂದು, ಪುರೋಹಿತರು ಪಂಚಾಂಗಕ್ಕೆ ಒಂದು. ಕೋಡಿನ ಗೊಡವೆಗೆ ಹೋಗದವರು ಅಂದರೆ ಮೆಸ್ಸು ನಡೆಸುವ ಸಾಕಮ್ಮ ಮತ್ತು ಸಾಫ್ಟ್‌ವೇರ್ ಕಂಪನಿ ನಡೆಸುವ ನಮ್ಮ ಪಟ್ಟಾಭಿ ಸರ್.

ಸಾಕಮ್ಮನ ಮೆಸ್ಸಿನಲ್ಲಿ ಕೈ ತೊಳೆಯುವ ತೊಟ್ಟಿಯ ಪಕ್ಕ ಒಂದು ದೊಡ್ಡ ಹಲಗೆ ಇದೆ. ಯಾರಿಗಾದರೂ ಒಳ್ಳೆಯ ಕೋಡಿನ ತುಣುಕು ಹೊಳೆದರೆ ಅದನ್ನು ಹಾಳೆಯಲ್ಲಿ ಅಚ್ಚು ಹಾಕಿ ಅಲ್ಲಿ ಚುಚ್ಚುತ್ತಾರೆ. ಬೇಕಾದವರು ತೆಗೆದುಕೊಳ್ಳಬಹುದು, ಕಾಸಿಲ್ಲ ಕರಾರಿಲ್ಲ. ತೆಗೆದುಕೊಂಡವರು ಅದರ ಕೆಳಗೆ ಎರಡು ಮಾತು ಬರೆಯುವುದು ಪದ್ಧತಿ. ‘ಉಪಯೋಗ ಆಯ್ತು, ಥ್ಯಾಂಕ್ಸ್. ಈಗ ಎಡಗೈಲಿ ಹಲ್ಲುಜ್ಜುತ್ತೇನೆ.’ ‘ಕೋಡು ಪರವಾಗಿಲ್ಲ, ಆದರೆ ಬಸ್ಸಲ್ಲಿ ಗೊತ್ತಿಲ್ಲದವರ ಹೆಗಲ ಮೇಲೆ ಮಲಗುವಂತಾಗಿದೆ.’ ‘ಬೆಳಿಗ್ಗೆ ಐದಕ್ಕೆ ಎಚ್ಚರ ಆಗುತ್ತೆ, ನಮ್ಮಮ್ಮ ನಿಮಗೆ ಒಳ್ಳೆಯದಾಗಲಿ ಅಂದರು.’ ‘ಮೊದಲು ಹಾಗಲಕಾಯಿ ಸೇರುತ್ತಿರಲಿಲ್ಲ, ಈಗ ಎರಡನೇ ಸಲ ಬಡಿಸಿಕೊಳ್ಳುತ್ತೇನೆ.’ ಈ ಕೊನೆಯ ಕೋಡನ್ನು ಸಾಕಮ್ಮ ಎಲ್ಲರಿಗೂ ಶಿಫಾರಸು ಮಾಡುತ್ತಾಳೆ. ಅದು ಏನು ಕೆಲಸ ಮಾಡುತ್ತೆ ಅಂತ ಅವಳಿಗೆ ಗೊತ್ತಿಲ್ಲ, ಹಾಗಲಕಾಯಿ ಖರ್ಚಾಗುತ್ತೆ ಅಂತ ಗೊತ್ತು.

ನನ್ನ ಹೆಸರು ಚಿದಾನಂದ. ಪಟ್ಟಾಭಿ ಸರ್ ಅವರ ಕಂಪನಿಯಲ್ಲಿ ಅಂಗಡಿಗಳಿಗೆ ಬಿಲ್ಲು ಹಾಕುವ ಪ್ರೋಗ್ರಾಮು ಬರೆಯುತ್ತೇನೆ. ಕಂಪನಿಯ ಹೆಸರು ‘ಬಿಲ್ಲು ಬಾಣ’. ಬಿಲ್ಲು ನಾವು ಮಾಡುತ್ತೇವೆ, ಬಾಣ ಗಿರಾಕಿಗೆ ತಾಗುತ್ತದೆ. ಅಲ್ಲಿ ನಾನು ಬರೆದ ಒಂದು ತುಣುಕು ಹಲಗೆಯ ಮೇಲೆ ಬಹಳ ಹೆಸರು ಮಾಡಿತು. ಅಂಕಿಯನ್ನು ಅಕ್ಷರ ಮಾಡುವ ಕೋಡು ಅದು. ಬಿಲ್ಲಿನ ಕೆಳಗೆ ‘ಒಂದು ಸಾವಿರದ ಇನ್ನೂರ ಐವತ್ತು ಮಾತ್ರ’ ಅಂತ ಬರುತ್ತದಲ್ಲ, ಅದು. ನೋಡುವುದಕ್ಕೆ ಸುಲಭ. ಬರೆಯಲು ಕೂತರೆ ಗೊತ್ತಾಗುತ್ತದೆ ಕನ್ನಡದ ಅಂಕಿಗಳು ಎಷ್ಟು ಗಾಂಚಲಿಯವು ಅಂತ. ಎರಡೂ ನೂರೂ ಸೇರಿದರೆ ಇನ್ನೂರು, ಮೂರೂ ನೂರೂ ಸೇರಿದರೆ ಮುನ್ನೂರು. ಒಂಟಿಯಾಗಿದ್ದಾಗ ನೂರು, ಹಿಂದೆ ಇನ್ನೊಬ್ಬರು ಬಂದರೆ ನೂರ. ಸಾವಿರಕ್ಕೆ ಬಾಲ ಬಂದರೆ ಸಾವಿರದ. ಇದನ್ನೆಲ್ಲ ಒಂದೂ ತಪ್ಪಿಲ್ಲದೆ ಬರೆದವನು ಊರಿಗೆ ನಾನೊಬ್ಬನೇ. ಎಲ್ಲರೂ ತೆಗೆದುಕೊಂಡರು.

ಕೋಡಿನ ಜೊತೆ ನನ್ನಿಂದ ಏನು ಹೋಗುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ಹಾಳೆಯ ಕೆಳಗೆ ಎಲ್ಲರೂ ಒಂದೇ ಥರ ಬರೆದಿದ್ದರು. ‘ಚೆನ್ನಾಗಿದೆ. ಏನೂ ಅಭ್ಯಾಸ ಬರಲಿಲ್ಲ.’ ನಾನು ಅಭ್ಯಾಸವೇ ಇಲ್ಲದ ಶುದ್ಧ ಮನುಷ್ಯ ಅಂತ ಸ್ವಲ್ಪ ಬೀಗಿದ್ದೂ ಉಂಟು. ಕಂಡುಹಿಡಿದವರು ಪಟ್ಟಾಭಿ ಸರ್. ಅವರಿಗೆ ಕೋಡು ಗೊತ್ತಿಲ್ಲ, ಮನುಷ್ಯರು ಗೊತ್ತು. ನಾನು ಯಾವುದಕ್ಕೂ ‘ಆಯ್ತು’ ಅನ್ನುವವನು. ‘ಇವತ್ತು ಸ್ವಲ್ಪ ಲೇಟಾಗುತ್ತೆ ಚಿದಾನಂದ್’ ಅಂದರೆ ಆಯ್ತು ಸರ್. ‘ಈ ವರ್ಷ ಸಂಬಳ ಜಾಸ್ತಿ ಮಾಡಕ್ಕಾಗಲ್ಲ’ ಅಂದರೆ ಆಯ್ತು ಸರ್. ನನ್ನ ಪಾಲಿಗೆ ಭಾನುವಾರ ಅನ್ನುವುದು ಬೇಗ ಬಂದ ಸೋಮವಾರ ಅಷ್ಟೇ. ನನ್ನ ಕೋಡು ಹಾಕಿಕೊಂಡ ಹುಡುಗರೆಲ್ಲ ಆಯ್ತು ಸರ್ ಅನ್ನತೊಡಗಿದ್ದನ್ನು ನೋಡಿದ ಪಟ್ಟಾಭಿ ಸರ್, ಒಂದು ಬೆಳಿಗ್ಗೆ ಕಂಪನಿಯ ಎಲ್ಲಾ ಪ್ರೋಗ್ರಾಮಿಗೂ ಅದನ್ನು ಸೇರಿಸಲೇಬೇಕು ಅಂತ ಹುಕುಂ ಮಾಡಿದರು. ನೀರಿನ ಪಂಪು ಆರಿಸುವ ಪ್ರೋಗ್ರಾಮಿಗೂ.

‘ಪಂಪಿಗೆ ಅಂಕಿ ಯಾಕೆ ಸರ್?’ ಅಂತ ಒಬ್ಬ ಕೇಳಿದ.

‘ಹಾಕ್ಕೊಂಡ್ ನೋಡು, ಆಮೇಲೆ ಕೇಳು’ ಅಂದರು. ಅವನು ಹಾಕಿಕೊಂಡ. ಆಮೇಲೆ ಕೇಳಲಿಲ್ಲ.

ಅಷ್ಟಕ್ಕೇ ಬಿಡದೆ ಅವರು ಸ್ವಂತ ಖರ್ಚಿನಲ್ಲಿ ನನ್ನ ಹಾಳೆಯನ್ನು ಕಟ್ಟುಗಟ್ಟಲೆ ಅಚ್ಚು ಹಾಕಿಸಿ, ಗಿರಾಕಿಗಳ ಅಂಗಡಿಗೆಲ್ಲ ಹಂಚಿಸಿದರು. ಕಂಪನಿಯ ದರ ಹೇಳಿದಾಗ ಗಿರಾಕಿಗಳೂ ಆಯ್ತು ಅನ್ನಬೇಕಲ್ಲ. ‘ತಿಳಿದದ್ದನ್ನ ಮುಚ್ಚಿಡಬಾರದು ಚಿದಾನಂದ್, ನಾಲ್ಕು ಜನಕ್ಕೆ ಕೊಡಬೇಕು’ ಅಂತ ನನ್ನ ಬೆನ್ನು ತಟ್ಟಿದರು. ನಾನು ಆಯ್ತು ಸರ್ ಅಂದೆ.

ಊರು ನೋಡನೋಡುತ್ತಾ ಒಪ್ಪಿಗೆಯ ಊರಾಯಿತು. ಕಲ್ಯಾಣ ಮಂಟಪದ ಮ್ಯಾನೇಜರು ಒಂದೇ ಮುಹೂರ್ತಕ್ಕೆ ನಾಲ್ಕು ಮನೆಯವರಿಗೆ ಆಯ್ತು ಅಂದ. ಒಂದು ಮದುವೆಯ ವಾಲಗಕ್ಕೆ ಇನ್ನೊಂದು ಮದುವೆಯ ಅಕ್ಷತೆ ಬಿತ್ತು. ಕ್ಷೌರದಂಗಡಿಯವನು ಬಂದವರಿಗೆಲ್ಲ ‘ಆಯ್ತು, ಕೂತ್ಕೊಳಿ’ ಅಂದು, ಎಲ್ಲರಿಗೂ ಒಂದೊಂದು ಪಕ್ಕ ಕತ್ತರಿಸಿಟ್ಟ. ಬೀದಿಯಲ್ಲಿ ಎಡಗಡೆ ಕೂದಲಿದ್ದವರು ಬಲಗಡೆ ಕೂದಲಿದ್ದವರನ್ನು ನೋಡಿ ನಗುವಂತಾಯಿತು. ಪುರೋಹಿತರು ಅಮಾವಾಸ್ಯೆ ದಿನವೂ ಒಳ್ಳೆಯ ದಿನವೇ ಅಂದುಬಿಟ್ಟರು. ಎಲ್ಲರೂ ಎಲ್ಲದಕ್ಕೂ ಒಪ್ಪಿದ್ದರು, ಯಾವುದೂ ಆಗುತ್ತಿರಲಿಲ್ಲ, ಜಗಳ ಮಾತ್ರ ಇರಲಿಲ್ಲ. ಜಗಳ ಆಡಲು ಒಬ್ಬರಾದರೂ ಇಲ್ಲ ಅನ್ನಬೇಕು.

ಇಲ್ಲ ಅನ್ನುವವರು ಒಬ್ಬರಿದ್ದರು. ನಮ್ಮ ಕಂಪನಿಯಲ್ಲೇ ಕಿಟಕಿ ಪಕ್ಕ ಕೂರುವ ಹಾಲೇಶಪ್ಪನವರು. ತಾರೀಖು, ತಿಥಿ, ಅಧಿಕ ಮಾಸ ಎಲ್ಲವನ್ನೂ ಅಚ್ಚುಕಟ್ಟಾಗಿ ಲೆಕ್ಕ ಹಾಕುವ ಕೋಡು ಅವರದು. ಅವರ ಬಾಯಲ್ಲಿ ಮೊದಲು ಬರುವ ಮಾತು ‘ಆಗಲ್ಲ’. ಪಟ್ಟಾಭಿ ಸರ್ ಹುಕುಮಿಗೂ ಅದನ್ನೇ ಅಂದು, ನನ್ನ ಕೋಡನ್ನು ಹತ್ತಿರ ಸೇರಿಸಿರಲಿಲ್ಲ. ‘ಹಾಲೇಶಪ್ಪನವ್ರೇ, ಊಟಕ್ಕೆ ಬರ್ತೀರಾ?’ ಅಂದರೆ ‘ಆಗಲ್ಲ’ ಅಂದು, ಎದ್ದು, ಚಪ್ಪಲಿ ಮೆಟ್ಟಿಕೊಂಡು ಎಲ್ಲರಿಗಿಂತ ಮುಂದೆ ಹೋಗುತ್ತಾರೆ. ಅವರ ಹಾಳೆ ಹಲಗೆಯ ಮೂಲೆಯಲ್ಲಿ ಹಳದಿಯಾಗಿದೆ. ತೆಗೆದುಕೊಂಡವನು ಒಬ್ಬನೇ. ಅವನು ಕೆಳಗೆ ಬರೆದಿದ್ದು: ‘ಕೋಡು ಚಿನ್ನ. ಹೆಂಡತಿ ತವರಿಗೆ ಹೋದಳು.’

ಇಷ್ಟು ದಿನ ನಾನು ನಕ್ಕೊಂಡೇ ಇದ್ದೆ. ನಗು ನಿಂತಿದ್ದು ಕುಮುದಳ ವಿಷಯದಲ್ಲಿ.

ನಮ್ಮ ಕಂಪನಿಯ ಎದುರಿಗೆ ಬೋರಲಿಂಗಯ್ಯನವರ ಶಾಮಿಯಾನ ಅಂಗಡಿ. ಕುರ್ಚಿ, ಮದುವೆ ಅಡುಗೆಯ ಕೊಳದಪ್ಪಲೆ, ಪರದೆ ಬಾಡಿಗೆಗೆ ಕೊಡುತ್ತಾರೆ. ಅವರ ಮಗಳು ಕುಮುದ. ಅಂಗಡಿಯ ಪ್ರೋಗ್ರಾಮೆಲ್ಲ ಅವಳೇ ಬರೆಯುವುದು. ಮಧ್ಯಾಹ್ನ ಸಾಕಮ್ಮನ ಮೆಸ್ಸಿನಲ್ಲಿ ನನ್ನ ಎದುರು ಬೆಂಚಿನಲ್ಲಿ ಕೂರುತ್ತಿದ್ದಳು. ಅವಳದ್ದೊಂದು ಅಭ್ಯಾಸವಿತ್ತು. ಯಾರು ಏನು ಹೇಳಲಿ, ‘ಅದ್ಹೇಗೆ?’ ಅನ್ನುತ್ತಿದ್ದಳು. ‘ಇವತ್ತು ಸೆಕೆ ಜಾಸ್ತಿ’ ಅಂದರೆ ಅದ್ಹೇಗೆ. ‘ಸಾರು ಚೆನ್ನಾಗಿದೆ’ ಅಂದರೆ ಅದ್ಹೇಗೆ. ಉತ್ತರ ಹೇಳುತ್ತಾ ಹೇಳುತ್ತಾ ನನ್ನ ಮಜ್ಜಿಗೆ ಅನ್ನ ಒಣಗಿಹೋಗುತ್ತಿತ್ತು. ನನಗೆ ದಿನದಲ್ಲಿ ಚೆನ್ನಾಗಿದ್ದದ್ದು ಆ ಒಣಗಿದ ಅನ್ನವೇ.

ಒಂದು ದಿನ ಅವಳು ‘ನೂರು ಯಾವಾಗ ನೂರ ಆಗುತ್ತೆ ಅಂತ ನಿಮ್ಮ ಪ್ರೋಗ್ರಾಮಿಗೆ ಗೊತ್ತಲ್ಲ, ಅದ್ಹೇಗೆ?’ ಅಂದಳು. ಕೂತು ವಿವರಿಸಬೇಕಿತ್ತು. ಆಫೀಸಿನಲ್ಲಿ ಪಟ್ಟಾಭಿ ಸರ್ ಕಾಯುತ್ತಿದ್ದರು. ‘ಇದ್ಯಾಕೆ ತಲೆನೋವು, ನಂದೇ ಹಾಕ್ಕೊಳಿ’ ಅಂದು ಹಾಳೆ ಕೊಟ್ಟೆ. ಮಾರನೆಯ ದಿನದಿಂದ ಅವಳು ಅದ್ಹೇಗೆ ಅನ್ನುವುದನ್ನು ಬಿಟ್ಟಳು. ನನ್ನ ಮಜ್ಜಿಗೆ ಅನ್ನ ತಂಪಾಗಿಯೇ ಇರತೊಡಗಿತು, ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಶುಕ್ರವಾರ ಸಾಕಮ್ಮ ಅವಳ ಎಲೆಗೆ ಹಾಗಲಕಾಯಿ ಗೊಜ್ಜು ಹಾಕಿದಳು. ಹಾಗಲಕಾಯಿ ಕಂಡರೆ ಎಲೆ ಮಡಚಿ ಏಳುತ್ತಿದ್ದ ಹುಡುಗಿ ‘ಆಯ್ತು’ ಅಂದು, ಕಣ್ಣಲ್ಲಿ ನೀರು ತುಂಬಿಕೊಂಡು ಪೂರ್ತಿ ತಿಂದಳು. ಅವಳು ಕೈ ತೊಳೆಯಲು ಹೋದಾಗ ಸಾಕಮ್ಮ ಸೌಟು ಹಿಡಿದುಕೊಂಡೇ ನನ್ನ ಪಕ್ಕ ಬಂದಳು.

‘ಚಿದು, ಆ ಮಗೀಗೆ ಏನಾಗಿದೆಯಪ್ಪಾ? ಮೊನ್ನೆ ಟೈಲ್ಸ್ ಅಂಗಡಿ ದಿವಾಕರನ ಮನೆಯೋರು ಕೇಳಕ್ಕೆ ಬಂದಿದ್ರಂತೆ. ಆಯ್ತು ಅಂದ್ಬಿಟ್ಟಳಂತೆ. ಭಾನುವಾರ ಸಂಜೆ ತಾಂಬೂಲ ಬದಲಾಯಿಸ್ತಾರೆ.’

‘ಇಷ್ಟ ಇದ್ರೆ ಒಳ್ಳೇದಲ್ವಾ ಸಾಕಮ್ಮ?’

‘ಹಾಗಲಕಾಯಿನೂ ಇಷ್ಟಾನಾ ಅವ್ಳಿಗೆ?’ ಅಂದು ಸಾಕಮ್ಮ ಸಾರಿನ ಪಾತ್ರೆ ಕಡೆ ಹೋದಳು.

ಹಲಗೆಯ ಮೇಲಿನ ನನ್ನ ಹಾಳೆಯನ್ನು ಮತ್ತೊಮ್ಮೆ ನೋಡಿದೆ. ‘ಏನೂ ಅಭ್ಯಾಸ ಬರಲಿಲ್ಲ’ ಅಂತ ಬರೆದವರೆಲ್ಲರನ್ನೂ ‘ಅಭ್ಯಾಸ ಏನಾದ್ರೂ ಬಂತಾ, ಬರಲಿಲ್ಲ ಅಲ್ವಾ?’ ಅಂತ ಪಟ್ಟಾಭಿ ಸರ್ ಕೇಳಿರಬೇಕು. ಅವರು ಆಯ್ತು ಅಂದು ಹಾಗೇ ಬರೆದಿರಬೇಕು.

ಶನಿವಾರ ಮೆಸ್ಸಿನ ಮೆಟ್ಟಿಲ ಮೇಲೆ ಕುಮುದ ಸಿಕ್ಕಳು. ಎರಡು ವರ್ಷದಿಂದ ಕೇಳಬೇಕು ಅಂದುಕೊಂಡದ್ದನ್ನು ಕೇಳಿಬಿಟ್ಟೆ. ಇನ್ನು ಕೇಳದಿದ್ದರೆ ಕೇಳುವ ಹಾಗಿರಲಿಲ್ಲ.

‘ಕುಮುದಾ, ನನ್ನ ಮದುವೆ ಆಗ್ತೀರಾ?’

‘ಆಯ್ತು’ ಅಂದಳು, ಉಪ್ಪಿನಕಾಯಿ ಬೇಕಾ ಅಂದಾಗ ಅನ್ನುವ ಹಾಗೆ. ಆಮೇಲೆ ಸ್ವಲ್ಪ ಯೋಚಿಸಿ, ‘ಮಂಗಳವಾರ ಇಟ್ಕೊಳೋಣವಾ? ಭಾನುವಾರ ದಿವಾಕರ ಅವರದ್ದಿದೆ’ ಅಂದಳು.

ಅಲ್ಲಿಯವರೆಗೆ ನನ್ನ ಆಯ್ತನ್ನು ಬೇರೆಯವರ ಬಾಯಲ್ಲಿ ಕೇಳಿ ನಕ್ಕವನು, ಅದನ್ನು ಅವಳ ಬಾಯಲ್ಲಿ ಕೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ಹೇಳಿದ್ದು ನನಗೆ ಬೇಕಾದ ಮಾತೇ. ಆದರೆ ಹೇಳಿದ್ದು ಅವಳಲ್ಲ, ನಾನು.

‘ಮೊದಲು ನನ್ನ ಕೋಡು ಅಳಿಸಿಬಿಡಿ’ ಅಂದೆ.

‘ಆಯ್ತು’ ಅಂದಳು. ಅವಳು ಅದಕ್ಕೂ ಮೊದಲು ಎಷ್ಟು ಜನಕ್ಕೆ ಎಷ್ಟು ಆಯ್ತು ಅಂದಿದ್ದಳೋ, ನನ್ನದು ಸಾಲಿನ ಕೊನೆಯಲ್ಲಿ ನಿಂತಿತು. ಮೇಲಾಗಿ ಅಳಿಸಿದರೆ ಅಂಗಡಿಯ ಚೀಟಿ ಅಚ್ಚಾಗುವುದಿಲ್ಲ, ಭಾನುವಾರ ಏಳು ಮನೆಗೆ ಕುರ್ಚಿ ಹೋಗಬೇಕು. ಬೇರೆ ಕೋಡು ನಾನೇ ಬರೆದುಕೊಟ್ಟರೆ ಅದರಲ್ಲೂ ನಾನೇ ಇರುತ್ತೇನೆ. ಹಾಲೇಶಪ್ಪನವರ ಹತ್ತಿರ ಬರೆಸಿದರೆ ಅವಳು ಎಲ್ಲದಕ್ಕೂ ಆಗಲ್ಲ ಅನ್ನುತ್ತಾಳೆ, ದಿವಾಕರನಿಗೂ, ನನಗೂ. ಉಳಿದದ್ದು ಒಂದೇ ದಾರಿ. ಅವಳೇ ಅರ್ಥ ಮಾಡಿಕೊಂಡು ತನ್ನ ಕೈಯಾರೆ ಬರೆಯಬೇಕು. ನಾನು ಪಕ್ಕದಲ್ಲಿ ಕೂತು ಹೇಳಿಕೊಡಬೇಕು, ಕೀಬೋರ್ಡು ಮುಟ್ಟಬಾರದು. ಅದೂ ಭಾನುವಾರ ಸಂಜೆಯೊಳಗೆ.

ಭಾನುವಾರ ಅಂದರೆ ಪಟ್ಟಾಭಿ ಸರ್. ಶನಿವಾರ ಹೋಗುವಾಗಲೇ ‘ನಾಳೆ ಸಂಜೆವರೆಗೂ ಇರ್ಬೇಕಾಗುತ್ತೆ ಚಿದಾನಂದ್, ಹೊಸ ಗಿರಾಕಿ ಬರ್ತಾರೆ’ ಅಂದಿದ್ದರು. ನನ್ನ ಬಾಯಿ ತಾನಾಗಿಯೇ ಆಯ್ತು ಸರ್ ಅಂದಾಗಿತ್ತು. ಆ ಬಾಯಿಯನ್ನು ನಂಬಿ ಕೂರುವ ಹಾಗಿರಲಿಲ್ಲ.

ಬೆಳಿಗ್ಗೆ ಆಫೀಸಿಗೆ ಹೋದವನು ನೇರ ಕಿಟಕಿ ಪಕ್ಕ ನಿಂತೆ. ಹಾಲೇಶಪ್ಪನವರು ಭಾನುವಾರ ಬರಲು ಆಗಲ್ಲ ಅಂತ ಹೇಳಿ ಬಂದಿದ್ದರು.

‘ಹಾಲೇಶಪ್ಪನವ್ರೇ, ನಿಮ್ಮ ತಾರೀಖಿನ ಕೋಡು ಒಂದ್ಸಲ ತಗೋಬಹುದಾ?’

‘ಆಗಲ್ಲ’ ಅಂದರು ಅವರು, ಕುರ್ಚಿ ಸರಿಸಿ ನನಗೆ ಜಾಗ ಮಾಡಿಕೊಡುತ್ತಾ. ಆಮೇಲೆ ಕನ್ನಡಕದ ಮೇಲಿಂದ ನೋಡಿ, ‘ಯಾರಿಗೆ ಹೇಳ್ಬೇಕು?’ ಅಂದರು.

ನಾನು ಪಟ್ಟಾಭಿ ಸರ್ ಕೋಣೆಯ ಕಡೆ ಕಣ್ಣು ತೋರಿಸಿದೆ.

‘ಅಂಟಿಸಿದ ಮೇಲೆ ಹೆಚ್ಚು ಮಾತಾಡ್ಬೇಡ. ಒಂದೇ ಸಲ ಹೇಳು, ಹೇಳಿ ಎದ್ದು ಹೋಗು. ನಾನು ನಿಂತ್ಕೊಂಡು ಕಾರಣ ಹೇಳಕ್ಕೆ ಹೋಗಿ ಎಷ್ಟು ಸಲ ಕೆಟ್ಟಿದೀನಿ.’

ಅಂಟಿಸಿಕೊಂಡೆ. ನಾಲಿಗೆಯ ಬುಡದಲ್ಲಿ ಏನೋ ಗಟ್ಟಿಯಾಗಿ ಕೂತ ಹಾಗಾಯಿತು, ಅಡಿಕೆ ಚೂರಿನ ಥರ. ಪಟ್ಟಾಭಿ ಸರ್ ಕೋಣೆಗೆ ಹೋದೆ.

‘ಬನ್ನಿ ಬನ್ನಿ. ಗಿರಾಕಿ ಬರೋದು ನಾಲ್ಕಕ್ಕೆ. ಅಲ್ಲೀವರೆಗೂ ಇರ್ತೀರಲ್ಲ?’

‘ಆಗಲ್ಲ.’

ಪಟ್ಟಾಭಿ ಸರ್ ಮುಖದಲ್ಲಿ ಏನೂ ಬದಲಾಗಲಿಲ್ಲ. ಆ ಮಾತು ನನ್ನಿಂದ ಬಂದಿರಬಹುದು ಅಂತಲೇ ಅವರಿಗೆ ಹೊಳೆದಿರಲಿಲ್ಲ. ‘ಆಗಲ್ಲ ಅಂದ್ರೆ, ಎಷ್ಟೊತ್ತಿಗೆ ಆಗುತ್ತೆ?’ ಅಂದರು.

‘ಆಗಲ್ಲ.’

‘ಹುಷಾರಿಲ್ವಾ? ಬೇಕಾದ್ರೆ ಒಂದು ಗಂಟೆ ಮಲಗಿ ಬನ್ನಿ.’

‘ಆಗಲ್ಲ.’

‘ಮತ್ತೇನು, ಕೆಲಸ ಬಿಡ್ತೀರಾ?’

‘ಆಗಲ್ಲ.’

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಒಂದೇ ಮಾತಿನಲ್ಲಿ ರಜೆಯೂ ಸಿಕ್ಕಿತು, ಕೆಲಸವೂ ಉಳಿಯಿತು. ಹಾಲೇಶಪ್ಪನವರು ಇಪ್ಪತ್ತು ವರ್ಷದಿಂದ ಆ ಕಿಟಕಿ ಪಕ್ಕ ಹೇಗೆ ಕೂತಿದ್ದಾರೆ ಅಂತ ನನಗೆ ಆಗ ಅರ್ಥವಾಯಿತು. ಹೇಳಿ ಎದ್ದು ಬಂದೆ.

ಶಾಮಿಯಾನ ಅಂಗಡಿಯ ಮುಂದೆ ತಾಂಬೂಲಕ್ಕೆ ಅಂತ ಅಂಗಡಿಯದೇ ಕೆಂಪು ಪರದೆ ಕಟ್ಟುತ್ತಿದ್ದರು. ಒಳಗೆ ಮಡಚಿಟ್ಟ ಪರದೆಗಳ ನಡುವೆ, ಬೋರಲು ಹಾಕಿದ ಕೊಳದಪ್ಪಲೆಗಳ ಹಿಂದೆ, ಕುಮುದ ರೇಷ್ಮೆ ಸೀರೆ ಉಟ್ಟುಕೊಂಡೇ ಕುರ್ಚಿ ಲೆಕ್ಕದ ಚೀಟಿ ಅಚ್ಚು ಹಾಕುತ್ತಿದ್ದಳು. ಬೋರಲಿಂಗಯ್ಯನವರು ನನ್ನನ್ನು ನೋಡಿ, ‘ನೀವೂ ಬಂದ್ರಾ ಚಿದಾನಂದಪ್ಪ, ತಿಂಡಿ ತಿಂತೀರಾ?’ ಅಂದರು. ‘ಆಗಲ್ಲ’ ಅಂದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಉಪ್ಪಿಟ್ಟಿನ ತಟ್ಟೆ ನನ್ನ ಮೂಗಿನ ಕೆಳಗಿನಿಂದ ವಾಪಸ್ ಹೋಯಿತು.

‘ಕುಮುದಾ, ಅಂಕಿಯ ಕೋಡು ನೀವೇ ಬರೀಬೇಕು. ಈಗಲೇ. ನಾನು ಹೇಳಿಕೊಡ್ತೀನಿ.’

‘ಆಯ್ತು.’

‘ನೂರು ಒಂದೇ ಇದ್ರೆ ನೂರು. ಹಿಂದೆ ಇನ್ನೊಂದು ಬಂದ್ರೆ ನೂರ. ಅರ್ಥ ಆಯ್ತಾ?’

‘ಆಯ್ತು.’

‘ಹಾಗಾದ್ರೆ ಬರೀರಿ.’

‘ಆಯ್ತು’ ಅಂದು ಸುಮ್ಮನೆ ಕೂತಳು. ಎಲ್ಲದಕ್ಕೂ ಅರ್ಥ ಆಯ್ತು ಅನ್ನುವವರಿಗೆ ಹೇಳಿಕೊಡುವಷ್ಟು ಕಷ್ಟ ಜಗತ್ತಿನಲ್ಲಿ ಇನ್ನೊಂದಿಲ್ಲ. ಪಟ್ಟಾಭಿ ಸರ್ ಮೇಲೆ ಮೊದಲ ಸಲ ಕನಿಕರ ಬಂತು, ಅವರು ವರ್ಷಗಟ್ಟಲೆ ನನ್ನಂಥವನಿಗೆ ಕೆಲಸ ಹೇಳಿದ್ದಾರಲ್ಲ ಅಂತ.

ಸ್ವಲ್ಪ ಹೊತ್ತಾದ ಮೇಲೆ ಅವಳು ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು. ‘ನೀವೇ ಬರೆದ್ಬಿಡಿ.’

ಬೇರೆ ದಿನವಾಗಿದ್ದರೆ ಮಾತು ಮುಗಿಯುವ ಮೊದಲೇ ನನ್ನ ಬೆರಳು ಕೀಲಿಯ ಮೇಲಿರುತ್ತಿದ್ದವು. ‘ಆಗಲ್ಲ’ ಅಂದೆ.

‘ಒಂದು ಸಾಲು?’

‘ಆಗಲ್ಲ.’

‘ಹೇಗೆ ಶುರು ಮಾಡೋದು ಅಂತಾದ್ರೂ?’

‘ಆಗಲ್ಲ.’ ಅವಳ ಕಣ್ಣು ಮೊದಲ ಸಲ ಕೆಂಪಗಾಯಿತು. ಕೋಪವೋ ಅಳುವೋ ಗೊತ್ತಾಗಲಿಲ್ಲ, ಆದರೆ ಅದು ನನ್ನ ಕಡೆಯಿಂದ ಹೋದದ್ದಲ್ಲ. ನನಗೆ ಕೋಪ ಬರುವುದಿಲ್ಲ. ಅಷ್ಟು ಸಾಕಿತ್ತು.

ಮಾತು ಬಿಟ್ಟು ಅಂಗಡಿಯ ಉದ್ದನೆಯ ಬೆಂಚನ್ನು ಎಳೆದು ತಂದೆ. ‘ನೀವು ನೂರು. ಇಲ್ಲಿ ಕೂತಿದೀರ. ಇಡೀ ಬೆಂಚು ನಿಮ್ದೇ. ಕಾಲು ನೀಡ್ಕೊಂಡು ಆರಾಮಾಗಿದೀರ.’ ಅವಳು ಬೆಂಚಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ಬಂದು ಕೂತೆ. ಅವಳು ಸೀರೆ ಎಳೆದುಕೊಂಡು ಒಂದು ಚೂರು ಸರಿದಳು.

‘ಈಗ ಏನ್ ಮಾಡಿದ್ರಿ?’

‘ಸರಿದೆ.’

‘ಅಷ್ಟೇ. ಹಿಂದೆ ಯಾರೋ ಬಂದ್ರೆ ನೂರು ಸ್ವಲ್ಪ ಸರಿದು ಜಾಗ ಕೊಡುತ್ತೆ. ನೂರ ಒಂದು. ಸಾವಿರಾನೂ ಹಾಗೇ. ಅದು ದೊಡ್ಡ ಮನುಷ್ಯ, ಸರಿಯಲ್ಲ, ಕೈ ಚಾಚುತ್ತೆ. ಸಾವಿರದ ಒಂದು.’

ಅವಳು ಬಹಳ ಹೊತ್ತು ಬೆಂಚನ್ನೇ ನೋಡಿದಳು. ಎದ್ದು ಹೋಗಿ ನಾಲ್ಕು ಸಾಲು ಬರೆದಳು. ನಿಲ್ಲಿಸಿದಳು. ಮತ್ತೆ ಬರೆದಳು. ಹೊರಗೆ ಪರದೆ ಕಟ್ಟಿ ಮುಗಿಯಿತು, ಕುರ್ಚಿ ಹಾಕಿದ್ದಾಯಿತು, ದಿವಾಕರನ ಮನೆಯವರ ವ್ಯಾನು ಬಂದ ಸದ್ದಾಯಿತು. ಬೋರಲಿಂಗಯ್ಯನವರು ಎರಡು ಸಲ ಇಣುಕಿ ‘ಬಾಮ್ಮಾ’ ಅಂದರು, ಅವಳು ಎರಡು ಸಲವೂ ‘ಆಯ್ತು’ ಅಂದಳು, ಏಳಲಿಲ್ಲ. ನಾನು ಅವಳ ಕಂಪ್ಯೂಟರಿನಲ್ಲಿ ಏನು ಬರುತ್ತಿದೆ ಅಂತ ನೋಡದೆ ಕೊಳದಪ್ಪಲೆಯಲ್ಲಿ ನನ್ನ ಮುಖ ನೋಡಿಕೊಂಡು ಕೂತೆ. ಅದರಲ್ಲಿ ನನ್ನ ಮುಖ ಪಟ್ಟಾಭಿ ಸರ್ ಮುಖದಷ್ಟು ಅಗಲವಾಗಿ ಕಾಣುತ್ತಿತ್ತು.

ಕೊನೆಗೆ ಅವಳು ನನ್ನ ಕೋಡಿನ ಸಾಲುಗಳನ್ನು ಬಳಿದು ಅಳಿಸಿದಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಟೀ ಕೊಟ್ಟು ಹೋದರು. ಅವಳು ಕುಡಿದಳು. ನಾನು ಅವಳ ಲೋಟವನ್ನೇ ನೋಡುತ್ತಿದ್ದೆ. ಅರ್ಧ ಲೋಟ ಆಯಿತು. ಮುಕ್ಕಾಲು ಆಯಿತು. ಬೋರಲಿಂಗಯ್ಯನವರು ಮೂರನೆಯ ಸಲ ಬಂದರು, ಈ ಸಲ ಶಲ್ಯ ಹೊದ್ದುಕೊಂಡು.

‘ಏಳಮ್ಮ, ಅವ್ರೆಲ್ಲ ಕಾಯ್ತಿದಾರೆ. ಸಂಬಂಧ ಎಲ್ಲಾ ರೀತಿಲೂ ಚೆನ್ನಾಗಿದೆ.’

ಅವಳು ಲೋಟ ಕೆಳಗಿಟ್ಟಳು. ‘ಅದ್ಹೇಗೆ?’ ಅಂದಳು.

ನಾನು ಕೊಳದಪ್ಪಲೆಯ ಹಿಂದೆ ಮುಖ ಮುಚ್ಚಿಕೊಂಡು ಕೂತೆ.

‘ಅದ್ಹೇಗೆ ಅಂದ್ರೆ?’ ಬೋರಲಿಂಗಯ್ಯನವರು ತಬ್ಬಿಬ್ಬಾದರು. ‘ನೀನೇ ಆಯ್ತು ಅಂದಿದ್ದೆ.’

‘ನಾನು ಹಾಗಲಕಾಯಿಗೂ ಆಯ್ತು ಅಂದಿದೀನಪ್ಪ. ದಿವಾಕರ ಅವರ ಹತ್ರ ನಾನು ಇನ್ನೂ ಒಂದು ಮಾತೂ ಆಡಿಲ್ಲ. ನಡೀರಿ, ನಾನೇ ಹೇಳ್ತೀನಿ.’

ಅವಳು ಕೆಂಪು ಪರದೆಯ ಕೆಳಗೆ ಹೋಗಿ, ದೊಡ್ಡವರಿಗೆಲ್ಲ ಕೈ ಮುಗಿದು, ಬೇಜಾರು ಮಾಡಿಕೊಳ್ಳಬೇಡಿ, ಈ ಮದುವೆ ನನಗೆ ಬೇಡ ಅಂದಳು. ಎಲ್ಲರೂ ದಿವಾಕರನ ಕಡೆ ತಿರುಗಿದರು. ಅವನೂ ಟೈಲ್ಸ್ ಅಂಗಡಿಯ ಬಿಲ್ಲಿಗೆ ನನ್ನ ಕೋಡೇ ಹಾಕಿಕೊಂಡಿದ್ದವನು. ‘ಆಯ್ತು’ ಅಂದ. ಅವನ ಮುಖದ ಮೇಲಿದ್ದ ನೆಮ್ಮದಿ ಮಾತ್ರ ಅವನದೇ ಅನ್ನಿಸಿತು. ಇನ್ನು ತಾಂಬೂಲ ಇಲ್ಲದಿದ್ದರೂ ಊಟ ಮಾಡಿಕೊಂಡು ಹೋಗಿ ಅಂತ ಬೋರಲಿಂಗಯ್ಯನವರು ಅಂದಾಗ ದಿವಾಕರ ಅದಕ್ಕೂ ಆಯ್ತು ಅಂದ. ಎಲ್ಲರೂ ಊಟಕ್ಕೆ ಕೂತರು. ನನ್ನನ್ನೂ ಕರೆದರು. ನಾನು ಆಗಲ್ಲ ಅಂದೆ, ಹೋಳಿಗೆಯ ವಾಸನೆಯಲ್ಲೇ ಮನೆಗೆ ನಡೆದೆ. ಮನೆ ಸೇರಿದವನು ಮಾಡಿದ ಮೊದಲ ಕೆಲಸ ಹಾಲೇಶಪ್ಪನವರ ಕೋಡು ಅಳಿಸಿದ್ದು.

ಸೋಮವಾರ ಹಲಗೆಯಿಂದ ನನ್ನ ಹಾಳೆ ತೆಗೆದೆ. ಕ್ಷೌರದಂಗಡಿಗೆ, ಕಲ್ಯಾಣ ಮಂಟಪಕ್ಕೆ, ಪುರೋಹಿತರ ಮನೆಗೆ ಹೋಗಿ ನನ್ನ ಕೋಡು ಅಳಿಸಿಬಿಡಿ ಅಂತ ಕೇಳಿಕೊಂಡೆ. ಎಲ್ಲರೂ ಆಯ್ತು ಅಂದರು. ಇವತ್ತಿನವರೆಗೆ ಒಬ್ಬರೂ ಅಳಿಸಿಲ್ಲ.

ಮಂಗಳವಾರ ಮೆಸ್ಸಿಗೆ ಹೋದಾಗ ಕುಮುದ ನನ್ನ ಎದುರು ಬೆಂಚಿನಲ್ಲಿ ಲ್ಯಾಪ್‌ಟಾಪು ತೆರೆದು ಕೂತಿದ್ದಳು. ಅವಳ ಪ್ರೋಗ್ರಾಮು ಎಲ್ಲವನ್ನೂ ಸರಿಯಾಗಿ ಬರೆಯುತ್ತಿತ್ತು, ಇನ್ನೂರನ್ನು ಮಾತ್ರ ‘ಎರಡುನೂರು’ ಅನ್ನುತ್ತಿತ್ತು. ಬೆಳಿಗ್ಗೆ ಒಬ್ಬ ಗಿರಾಕಿ ಎರಡುನೂರು ಕುರ್ಚಿ ಯಾವ ಊರಿನದು ಅಂತ ನಕ್ಕಿದ್ದನಂತೆ.

‘ನಂಗೆ ಇವತ್ತು ಒಂಚೂರೂ ಪುರುಸೊತ್ತಿಲ್ಲ’ ಅಂದಳು, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ. ‘ನಿಮಗೆ ಗೊತ್ತಲ್ಲ, ಎರಡು ಸಾಲು ಹಾಕ್ಕೊಡಿ.’

ನನಗೆ ಆ ಎರಡು ಸಾಲು ಕಣ್ಣು ಮುಚ್ಚಿದರೂ ಬರುತ್ತಿತ್ತು. ಅವಳು ಕೇಳುತ್ತಿದ್ದಳು. ನನ್ನ ಬೆರಳು ಕೀಲಿಯವರೆಗೂ ಹೋದವು. ಬಾಯಲ್ಲಿ ಆಯ್ತು ಅನ್ನುವುದು ಅರ್ಧ ಬಂದಿತ್ತು. ಅದನ್ನು ನುಂಗಿಕೊಂಡು, ಬೆರಳನ್ನು ಎಲೆಯ ಕಡೆ ತಿರುಗಿಸಿದೆ.

‘ಆಗಲ್ಲ’ ಅಂದೆ.

ಅವಳು ನನ್ನನ್ನೇ ನೋಡಿದಳು. ‘ಹಾಲೇಶಪ್ಪನವ್ರದ್ದು ಇನ್ನೂ ಅಳಿಸಿಲ್ವಾ?’

‘ಭಾನುವಾರವೇ ಅಳಿಸಿದೆ.’

ಅವಳು ನಂಬಲಿಲ್ಲ. ನನ್ನ ಚೀಲದಿಂದ ನನ್ನ ಲ್ಯಾಪ್‌ಟಾಪು ತೆಗೆದು, ಮೇಲಿಂದ ಕೆಳಗಿನವರೆಗೆ ಹುಡುಕಿದಳು. ಯಾರದ್ದೂ ಇರಲಿಲ್ಲ.

‘ಹಾಗಾದ್ರೆ ಈಗ ಆಗಲ್ಲ ಅಂದಿದ್ದು ಯಾರದ್ದು?’

‘ನಂದೇ ಇರ್ಬೇಕು’ ಅಂದೆ. ‘ಮೊದಲನೇ ಸಲ. ಚೆನ್ನಾಗಿ ಬಂತಾ?’

‘ಪರವಾಗಿಲ್ಲ. ಸ್ವಲ್ಪ ನಡುಗ್ತು.’ ಅವಳು ಲ್ಯಾಪ್‌ಟಾಪು ಮುಚ್ಚಿದಳು. ‘ಶನಿವಾರ ಮೆಟ್ಟಿಲ ಮೇಲೆ ನೀವೊಂದು ಕೇಳಿದ್ರಲ್ಲ. ಅದಕ್ಕೆ ನಾನು ಆಯ್ತು ಅಂದಿದ್ದು ಲೆಕ್ಕಕ್ಕಿಲ್ಲ.’

‘ಗೊತ್ತು.’

‘ಇವತ್ತು ಮಂಗಳವಾರ. ಕೇಳೋದಿದ್ರೆ ಇನ್ನೊಂದ್ಸಲ ಕೇಳಿ.’

ಕೇಳಿದೆ.

‘ಅದ್ಹೇಗೆ?’ ಅಂದಳು. ‘ಪಟ್ಟಾಭಿ ಸರ್ ಕರೆದ್ರೆ ನೀವು ಭಾನುವಾರ ಓಡ್ತೀರ. ರಾತ್ರಿ ಎಷ್ಟೊತ್ತಿಗೆ ಮನೆಗೆ ಬರ್ತೀರೋ ನಿಮಗೇ ಗೊತ್ತಿಲ್ಲ. ನಾಳೆ ಯಾರೋ ಬಂದು ಇವರನ್ನೂ ಮದುವೆ ಆಗಿ ಅಂದ್ರೆ ಆಯ್ತು ಅಂದ್ಬಿಡ್ತೀರ. ಇದೆಲ್ಲ ಹೇಗೆ ನಡೆಯುತ್ತೆ, ಹೇಳಿ.’

ನಾನು ಹೇಳತೊಡಗಿದೆ. ಒಂದಕ್ಕೆ ಉತ್ತರ ಹೇಳಿದರೆ ಅದರೊಳಗಿಂದ ಇನ್ನೊಂದು ಅದ್ಹೇಗೆ ತೆಗೆಯುತ್ತಿದ್ದಳು. ನನ್ನ ಮಜ್ಜಿಗೆ ಅನ್ನ ಒಣಗಿ ಎಲೆಗೆ ಅಂಟಿಕೊಂಡಿತು. ಮೆಸ್ಸಿನಲ್ಲಿ ಎಲ್ಲರೂ ಕೈ ತೊಳೆದು ಹೋದರು. ಸಾಕಮ್ಮ ಗೊಜ್ಜಿನ ಪಾತ್ರೆ ಹಿಡಿದುಕೊಂಡು ಬಂದು, ಎಷ್ಟೊತ್ತು ನಿಂತರೂ ನಮ್ಮಿಬ್ಬರಿಗೂ ಗೊತ್ತಾಗದೆ ಇದ್ದದ್ದಕ್ಕೆ, ಹೇಳದೆ ಕೇಳದೆ ಇಬ್ಬರ ಎಲೆಗೂ ಒಂದೊಂದು ಸೌಟು ಹಾಗಲಕಾಯಿ ಸುರಿದಳು.

‘ಬೇಡ ಅಂತ ಎಷ್ಟು ಸಲ ಹೇಳ್ಬೇಕು ಸಾಕಮ್ಮ?’ ಅಂದಳು ಕುಮುದ.

‘ಅಬ್ಬ’ ಅಂದಳು ಸಾಕಮ್ಮ, ‘ಹುಷಾರಾದ್ಯಾ ತಾಯಿ’ ಅಂತ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಕುಮುದ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ಅಲ್ಲಿಂದ ತಿರುಗಿದಳು.

‘ನೋಡೋಣ’ ಅಂದಳು.

ಇಡೀ ಊರು ನನಗೆ ಆಯ್ತು ಅಂದಿದೆ, ಅದರಲ್ಲಿ ಒಂದೂ ನನಗೆ ಇಷ್ಟು ರುಚಿಸಿರಲಿಲ್ಲ. ನಾನು ಹಲಗೆಯ ಕಡೆ ನೋಡಿದೆ. ಮೇಲಿನ ಸಾಲಿನಿಂದ ಹಾಲೇಶಪ್ಪನವರ ಹಳದಿ ಮೂಲೆಯವರೆಗೆ ಯಾವ ಹಾಳೆಯ ಕೆಳಗೂ ‘ನೋಡೋಣ’ ಅನ್ನುವ ಮಾತು ಇರಲಿಲ್ಲ, ಅದು ಅವಳದೇ. ಎಲೆ ಬಿಟ್ಟು ಏಳುವುದಕ್ಕೆ ಮನಸ್ಸಾಗದೆ ನನ್ನ ಹಾಗಲಕಾಯಿ ತಿಂದೆ, ಅವಳ ಎಲೆಯನ್ನು ಎಳೆದುಕೊಂಡು ಅದರಲ್ಲಿದ್ದದ್ದನ್ನೂ ತಿಂದೆ. ಬಹಳ ಕಹಿಯಾಗಿತ್ತು. ಯಾರ ಕೋಡೂ ಹೇಳದೆ ತಿಂದದ್ದು.